ಬಿಚ್ಚಲು ಬರುವ ಮನೆ

ಕರಾವಳಿಯ ಹಳೆಯ ಮನೆಯೊಂದರ ಮಾಡಿನಿಂದ ಹಂಚು ತೆಗೆದು ಮಗುಚಿ ನೋಡಿದರೆ ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು, ಊರಿನ ಹೆಸರು, ಒಮ್ಮೊಮ್ಮೆ ಒಂದು ಇಸವಿಯೂ ಕಾಣುತ್ತದೆ. ಬಾಸೆಲ್ ಮಿಶನ್ನಿನ ಹಂಚಾಗಿದ್ದರೆ ಆ ಇಸವಿ 1865. ಹಳೆ ಸಾಮಾನಿನ ವ್ಯಾಪಾರಿಗಳು ಅದನ್ನೇ ತೋರಿಸಿ ‘ನೂರೈವತ್ತು ವರ್ಷದ ಹಂಚು ಸ್ವಾಮೀ’ ಎಂದು ದರ ಏರಿಸುವುದುಂಟು. ಆದರೆ ಅದು ಹಂಚು ಸುಟ್ಟ ವರ್ಷವಲ್ಲ. ಜರ್ಮನಿಯಿಂದ ಬಂದ ಗೇಯಾರ್ಗ್ ಪ್ಲೆಬ್ಸ್ಟ್ ಎಂಬ ಮಿಶನರಿ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ವರ್ಷ. ದಶಕಗಳ ಮೇಲೆ ಸುಟ್ಟ ಹಂಚಿಗೂ ಅದೇ ಮುದ್ರೆ ಬಿದ್ದಿದೆ.

ಹಂಚಿನ ವಯಸ್ಸು ಹೇಳುವುದು ಕಷ್ಟವಾಗಲು ಇನ್ನೊಂದು ಕಾರಣವಿದೆ. ಮಾಡಿಗೂ ಹಂಚಿಗೂ ಒಂದೇ ವಯಸ್ಸು ಇರಬೇಕೆಂದಿಲ್ಲ. ಅಜ್ಜನ ಮನೆಯಿಂದ ಇಳಿಸಿದ ಹಂಚು ಮೊಮ್ಮಗನ ಮನೆಗೆ ಏರಿರುತ್ತದೆ. ಅಲ್ಲಿ ತಾರಸಿ ಬಂದ ಮೇಲೆ ಹಟ್ಟಿಗೆ, ಹಟ್ಟಿಯಿಂದ ಸೌದೆ ಕೊಟ್ಟಿಗೆಗೆ ಹೋಗಿರುತ್ತದೆ. ಹೀಗೆ ಊರೆಲ್ಲ ಸುತ್ತಲು ಅದಕ್ಕೆ ಸಾಧ್ಯವಾಗಿರುವುದು ಒಂದೇ ಕಾರಣದಿಂದ: ಹಂಚನ್ನು ಯಾರೂ ಅಂಟಿಸಿಲ್ಲ, ಮೊಳೆ ಹೊಡೆದಿಲ್ಲ. ಹೊಟ್ಟೆಯ ಗುಬ್ಬಿಯಿಂದ ರೀಪನ್ನು ಹಿಡಿದುಕೊಂಡು, ಅಂಚಿನ ತೋಡಿನಿಂದ ಪಕ್ಕದ ಹಂಚನ್ನು ತಬ್ಬಿಕೊಂಡು, ತನ್ನ ಭಾರದಿಂದಲೇ ಅದು ಮಳೆಗಾಲಗಳನ್ನು ತಡೆದುಕೊಳ್ಳುತ್ತದೆ. ಬೇಡವಾದ ದಿನ ಎತ್ತಿದರೆ ಕೈಗೆ ಬರುತ್ತದೆ.

ಪಶ್ಚಿಮದ ವಾಸ್ತುಶಿಲ್ಪ ಶಾಲೆಗಳಲ್ಲಿ ಈಗ ‘ಬಿಚ್ಚಲು ಬರುವಂತೆ ಕಟ್ಟುವುದು’ ಎಂಬ ವಿಷಯಕ್ಕೆ ಪಠ್ಯವಿದೆ, ಸಮ್ಮೇಳನಗಳಿವೆ. ಕಟ್ಟಡವನ್ನು ಯಂತ್ರದಿಂದ ಪುಡಿಗಟ್ಟುವ ಬದಲು ಒಂದೊಂದೇ ಭಾಗವಾಗಿ ಕಳಚಿ, ಮರ, ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನು ಇನ್ನೊಂದು ಕಟ್ಟಡಕ್ಕೆ ದಾಟಿಸುವ ಯತ್ನವದು. ಆ ಪಾಠದ ಮುಕ್ಕಾಲು ಪಾಲು ಮಂಗಳೂರು ಹಂಚಿನಲ್ಲೇ ಇದೆ ಎಂದರೆ ಅತಿಶಯವಾಗದು.

ಕನ್ನಡಕ್ಕಂತೂ ಇದು ಹೊಸ ವಿಚಾರವೇ ಅಲ್ಲ. ಹಂಚನ್ನು ‘ಇಳಿಸು’ತ್ತಾರೆ, ಮಾಡನ್ನು ‘ಬಿಚ್ಚು’ತ್ತಾರೆ, ಗೋಡೆಯನ್ನು ‘ಕೆಡಹು’ತ್ತಾರೆ. ಒಂದೇ ಮನೆಗೆ ಮೂರು ಕ್ರಿಯಾಪದ, ಒಂದೊಂದಕ್ಕೂ ಬೇರೆ ಬೇರೆ ಕೆಲಸಗಾರ, ಬೇರೆ ಹತಾರ. ಬೆಂಗಳೂರಿನಲ್ಲಿ ಈಗ ಉಳಿದಿರುವುದು ಒಂದೇ ಕ್ರಿಯಾಪದ. ‘ಹಳೆ ಮನೆ ಒಡೆಸ್ತಾ ಇದೀವಿ’ ಎನ್ನುತ್ತಾರೆ. ಮರುದಿನ ಬೀದಿಯ ತುದಿಯಲ್ಲಿ ಹಿಟಾಚಿ ನಿಂತಿರುತ್ತದೆ.

ಮನೆ ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಕೊನೆಗೆ ಏರಿದ್ದು ಮೊದಲು ಇಳಿಯಬೇಕು. ನೆತ್ತಿಯ ಹಂಚು ತೆಗೆದು, ಅಲ್ಲಿಂದ ಸಾಲುಸಾಲಾಗಿ ಕೆಳಗೆ ಬಂದು, ಹಂಚನ್ನು ಕೈಯಿಂದ ಕೈಗೆ ದಾಟಿಸಿ ನೆಲದಲ್ಲಿ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಮಲಗಿಸಿ ಪೇರಿಸಿದರೆ ಅಡಿಯವು ಬಿರುಕು ಬಿಡುತ್ತವೆ. ಆಮೇಲೆ ರೀಪು, ಪಕಾಸು. ಮುಚ್ಚಿಗೆಯ ಹಲಗೆ ಬಿಡಿಸಲು ತಾಳ್ಮೆ ಬೇಕು, ಒಂದು ಕಡೆ ಹಾರೆ ಹಾಕಿ ಮೀಟಿದರೆ ಉದ್ದಕ್ಕೂ ಸೀಳಿಬಿಡುತ್ತದೆ. ತೊಲೆ ಮತ್ತು ಕಂಬದ ನಡುವಿನ ಕೂಡುವಿಕೆಯಲ್ಲಿ ಹಳೆಯ ಆಚಾರಿಗಳು ಮರದ ಗೂಟ ಹೊಡೆದಿರುತ್ತಾರೆ. ಗೂಟವನ್ನು ಅದು ಹೊಕ್ಕ ದಿಕ್ಕಿಗೆ ಎದುರಿನಿಂದ ಹೊರಕ್ಕೆ ಬಡಿದರೆ ಇಡೀ ಚೌಕಟ್ಟು ಸಡಿಲವಾಗುತ್ತದೆ. ಯಾವ ಗೂಟ ಮೊದಲು ಎಂಬುದು ಗೊತ್ತಿರದವನು ಮನೆ ಬಿಚ್ಚಲು ಹೊರಟರೆ ಮನೆ ಅವನ ಮೇಲೆಯೇ ಬರುತ್ತದೆ.

ಈ ವಿದ್ಯೆಯನ್ನು ನಮ್ಮಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಬಳಸಿದವರು ಎಂಜಿನಿಯರ್ ಅಲ್ಲ, ವಾಸ್ತುಶಿಲ್ಪಿಯೂ ಅಲ್ಲ; ಮಣಿಪಾಲದ ಒಬ್ಬ ಬ್ಯಾಂಕ್ ನೌಕರ. ವಿಜಯನಾಥ ಶೆಣೈ ಸಿಂಡಿಕೇಟ್ ಬ್ಯಾಂಕಿನಲ್ಲಿದ್ದರು. ಭೂಸುಧಾರಣೆಯ ಬಳಿಕ, ಕೂಡುಕುಟುಂಬಗಳು ಒಡೆದ ಬಳಿಕ, ಕರಾವಳಿಯ ದೊಡ್ಡ ಮನೆಗಳು ಪಾಲುದಾರರ ನಡುವೆ ಅನಾಥವಾಗಿ ಸೌದೆಯ ದರಕ್ಕೆ ಹೋಗುತ್ತಿದ್ದ ಕಾಲವದು. ಕೆತ್ತನೆಯ ಕಂಬ, ದಾರಂದ, ಮುಚ್ಚಿಗೆಗಳನ್ನು ಶೆಣೈ ಕೊಂಡು ತಂದು, ಅವುಗಳಿಂದಲೇ ತಮ್ಮ ಮನೆ ಕಟ್ಟಿಕೊಂಡರು. ‘ಹಸ್ತಶಿಲ್ಪ’ ಎಂಬ ಆ ಮನೆಯನ್ನು ನೋಡಲು ಬರುವವರ ಸಂಖ್ಯೆ ಎಷ್ಟು ಹೆಚ್ಚಿತೆಂದರೆ ಕೊನೆಗೆ ಮನೆಯವರೇ ಬೇರೆ ಕಡೆ ವಾಸಕ್ಕೆ ಹೋಗಬೇಕಾಯಿತು.

ಬಿಡಿಭಾಗ ಉಳಿಸಿದರೆ ಸಾಲದು, ಇಡೀ ಮನೆಯನ್ನೇ ಉಳಿಸಬೇಕು ಎಂಬುದು ಅವರ ಮುಂದಿನ ಹೆಜ್ಜೆ. ಮಣಿಪಾಲದ ಸುಮಾರು 6 ಎಕರೆ ಜಾಗದಲ್ಲಿ ಬೆಳೆದ ಪಾರಂಪರಿಕ ಗ್ರಾಮಕ್ಕೆ ಅವರು ಊರೂರುಗಳಿಂದ ಮನೆಗಳನ್ನು ಹೊತ್ತು ತಂದರು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಹರ್ಕೂರಿನ ಮನೆ, ಮಂಗಳೂರಿನ ಕ್ರೈಸ್ತ ಮನೆ. ಘಟ್ಟದ ಮೇಲಿನಿಂದ ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್. ಮೊದಲು ಮನೆಯ ನಕ್ಷೆ ಬರೆಯುವುದು, ಫೋಟೊ ತೆಗೆಯುವುದು, ಪ್ರತಿ ತುಂಡಿಗೂ ಸಂಖ್ಯೆ ಹಾಕುವುದು, ಬಿಚ್ಚುವುದು, ಲಾರಿಗೇರಿಸುವುದು, ಮತ್ತೆ ಅದೇ ಸಂಖ್ಯೆಯ ಪ್ರಕಾರ ಜೋಡಿಸುವುದು. ಹೇಳಲು ಒಂದು ವಾಕ್ಯ ಸಾಕು, ಮಾಡಲು ಒಂದೊಂದು ಮನೆಗೂ ವರ್ಷಗಳು ಹಿಡಿದವು. ಶೆಣೈ 2017ರಲ್ಲಿ ತೀರಿಕೊಂಡರು.

ಮಣಿಪಾಲದ ಈ ಗ್ರಾಮವನ್ನು ‘ಮ್ಯೂಸಿಯಂ’ ಎಂದು ನೋಡಿ ಬರುವವರೇ ಹೆಚ್ಚು. ಅದನ್ನು ತಂತ್ರದ ಕಣ್ಣಿನಿಂದ ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಅಲ್ಲಿಗೆ ಬಂದವುಗಳಲ್ಲಿ ಮರದ ಚೌಕಟ್ಟಿನ ಮನೆಗಳದೇ ಮೇಲುಗೈ. ಬಂದದ್ದು ಸುಂದರವಾಗಿತ್ತು ಎಂಬುದಷ್ಟೇ ಕಾರಣವಲ್ಲ, ಅದನ್ನು ಬಿಚ್ಚಲು ಬರುತ್ತಿತ್ತು. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿಯೂ ಹಾಗೆಯೇ. ಡೆಬೊರಾ ತ್ಯಾಗರಾಜನ್ ಕಟ್ಟಿ 1996ರಲ್ಲಿ ತೆರೆದ ಈ ಸಂಗ್ರಹಾಲಯದಲ್ಲಿ ಚೆಟ್ಟಿನಾಡಿನ ವರ್ತಕರ ಮನೆ, ಕೇರಳದ ಸಿರಿಯನ್ ಕ್ರೈಸ್ತರ ಮನೆಗಳ ಜೊತೆ ಇಳಕಲ್ಲಿನ ನೇಕಾರರ ಮನೆಯೂ ನಿಂತಿದೆ.

ಇಳಕಲ್ಲಿನ ಹೆಸರು ಬಂದರೆ ಮುಳುಗಡೆಯ ನೆನಪು ಬರಲೇಬೇಕು. ಆಲಮಟ್ಟಿಯ ಹಿನ್ನೀರು ಏರುವ ಮುನ್ನ, ಇಳಕಲ್ಲು ಇರುವ ಬಾಗಲಕೋಟೆಯ ಸೀಮೆಯ ಜನ ತಮ್ಮ ಮೇಲ್ಮುದ್ದೆ ಮನೆಗಳನ್ನು ತಾವೇ ಬಿಚ್ಚಿಕೊಂಡರು. ಜಂತಿ, ತೊಲೆ, ತಲೆಬಾಗಿಲು ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಸ ಊರಿನ ದಾರಿ ಹಿಡಿದವು. ಪರಿಹಾರ ಗೋಡೆಗೆ ಸಿಕ್ಕಿತ್ತು, ಮರ ಮಾತ್ರ ತಮ್ಮದು ಎಂಬ ಲೆಕ್ಕ. ಲಿಂಗನಮಕ್ಕಿ ತುಂಬಿದಾಗ ಶರಾವತಿ ಕಣಿವೆಯವರು ಮಾಡಿದ್ದೂ ಇದನ್ನೇ. ಹೊಸ ಮನೆಯ ಹೊಸ ಗೋಡೆಯಲ್ಲಿ ಕೂತ ಹಳೆಯ ಬಾಗಿಲು ಮುಳುಗಡೆಯ ಊರಿನ ಏಕೈಕ ದಾಖಲೆಯಾಗಿ ಉಳಿದಿರುವ ಮನೆಗಳು ಈಗಲೂ ಅಲ್ಲಿ ಸಿಗುತ್ತವೆ. ‘ಮರುಬಳಕೆ’ ಎಂಬ ಪದ ಆಗ ಯಾರ ಬಾಯಲ್ಲೂ ಇರಲಿಲ್ಲ.

ಮರದ ಮಾತಾಯಿತು. ಗೋಡೆಯ ಕತೆ ಬೇರೆ.

ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು. ಸಿಮೆಂಟ್ ಗಾರೆ ನಮ್ಮ ಸುಟ್ಟಿಟ್ಟಿಗೆಗಿಂತ ಗಟ್ಟಿ. ಇಷ್ಟು ಚಿಕ್ಕ ವ್ಯತ್ಯಾಸ ಲಕ್ಷಾಂತರ ಕಟ್ಟಡಗಳ ಗತಿಯನ್ನು ಬದಲಿಸಿದೆ. ಸುಣ್ಣದಲ್ಲಿ ಕಟ್ಟಿದ ಗೋಡೆಗೆ ಪೆಟ್ಟು ಬಿದ್ದರೆ ಗಾರೆ ಬಿಡುತ್ತದೆ, ಇಟ್ಟಿಗೆ ಇಡಿಯಾಗಿ ಉಳಿಯುತ್ತದೆ. ಕೆಲಸಕ್ಕೆ ಬಂದ ಹೆಂಗಸರು ನೆರಳಿನಲ್ಲಿ ಕೂತು ಚಿಕ್ಕ ಸುತ್ತಿಗೆಯಿಂದ ಅಂಟಿದ ಸುಣ್ಣ ಕೆರೆದು ಸಾಲಾಗಿ ಪೇರಿಸುತ್ತಾರೆ. ಸಿಮೆಂಟಿನ ಗೋಡೆಗೆ ಅದೇ ಪೆಟ್ಟು ಬಿದ್ದರೆ ಮುರಿಯುವುದು ಇಟ್ಟಿಗೆ, ಗಾರೆ ಜಗ್ಗುವುದಿಲ್ಲ. ಬಿಡಿಸಲು ಹೋದರೆ ಕೈಗೆ ಸಿಗುವುದು ಕೆಂಪು ಪುಡಿ.

ಕೋಪನ್‌ಹೇಗನ್ನಿನ ವಾಸ್ತುಶಿಲ್ಪಿಗಳು ಇದೇ ಗೋಡೆಗೆ ತಲೆ ಬಡಿದುಕೊಂಡರು. ಡೆನ್ಮಾರ್ಕಿನಲ್ಲಿ ಸುಣ್ಣದ ಕಾಲದ ಇಟ್ಟಿಗೆಯನ್ನು ಯಂತ್ರದಲ್ಲಿ ಅಲುಗಾಡಿಸಿ ಸ್ವಚ್ಛಗೊಳಿಸಿ ಮಾರುವ ‘ಗಾಮ್ಲೆ ಮುರ್ಸ್ಟೆನ್’ ಎಂಬ ಕಂಪನಿಯಿದೆ. ಹೆಸರಿನ ಅರ್ಥವೇ ‘ಹಳೇ ಇಟ್ಟಿಗೆ’. ಆದರೆ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಗೋಡೆಗಳು ಸಿಮೆಂಟಿನವು. ಲೆಂಡಾಗರ್ ಎಂಬ ವಾಸ್ತುಶಿಲ್ಪ ಸಂಸ್ಥೆ ಇಟ್ಟಿಗೆ ಬಿಡಿಸುವ ಆಸೆಯನ್ನೇ ಬಿಟ್ಟು, ಗೋಡೆಯನ್ನು ಗರಗಸದಿಂದ ಹೆಚ್ಚುಕಡಿಮೆ ಒಂದು ಮೀಟರ್ ಚೌಕದ ಬಿಲ್ಲೆಗಳಾಗಿ ಕೊಯ್ದಿತು. ಬೇರೆ ಬೇರೆ ಬಣ್ಣದ ಆ ಚೌಕಗಳನ್ನು ಹೊಲಿದಂತೆ ಜೋಡಿಸಿ 2019ರಲ್ಲಿ ಓರೆಸ್ಟಾಡ್ ಬಡಾವಣೆಯಲ್ಲಿ 92 ಮನೆಗಳ ಒಂದು ಸಮುಚ್ಚಯ ಎದ್ದಿತು. ನೋಡಿದರೆ ಉತ್ತರ ಕರ್ನಾಟಕದ ಅಜ್ಜಿಯರು ಹಳೇ ಸೀರೆಯ ತುಂಡುಗಳಿಂದ ಹೊಲಿದ ಕೌದಿಯಂತೆ ಕಾಣುತ್ತದೆ. ಜಾಣತನದ ಕೆಲಸ ಹೌದು. ಆದರೆ ಗೋಡೆಯನ್ನು ಗರಗಸದಲ್ಲಿ ಕೊಯ್ಯುವ ಖರ್ಚು ಶ್ರೀಮಂತ ದೇಶಕ್ಕೇ ಭಾರ, ಇಲ್ಲಿಯ ಮಾತೇಕೆ.

ನಮ್ಮಲ್ಲಿ ಸಿಮೆಂಟು ಹಿಂದೆ ಬೇಕೆಂದಾಗ ಸಿಗುವ ವಸ್ತುವಾಗಿರಲಿಲ್ಲ. ಅದಕ್ಕೆ ಪರ್ಮಿಟ್ ಬೇಕಿತ್ತು. 1982ರಲ್ಲಿ ಸರ್ಕಾರ ಹಿಡಿತವನ್ನು ಅರ್ಧ ಸಡಿಲಿಸಿತು, 1989ರಲ್ಲಿ ಪೂರ್ತಿ ಬಿಟ್ಟಿತು. ಅದಕ್ಕೂ ಮುಂಚೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೇರೊಂದು ಬಗೆಯ ಮನೆಗಳಿದ್ದವು. ತೇಗದ ತೊಲೆಗಳ ನಡುವೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕೂರಿಸಿದ ಮದ್ರಾಸ್ ತಾರಸಿ, ಸಾದರಹಳ್ಳಿಯ ಕಲ್ಲು ಚಪ್ಪಡಿ, ಮಂಗಳೂರು ಹಂಚಿನ ಮುಂಗಟ್ಟು, ಕಡಪ ಕಲ್ಲಿನ ಅಡುಗೆಕಟ್ಟೆ. ಇಂಥ ಮನೆ ಕೆಡವುವಾಗ ಮಾಲೀಕ ಹಣ ಕೊಡುವುದಿರಲಿ, ಗುತ್ತಿಗೆದಾರನೇ ಮಾಲೀಕನಿಗೆ ಕೊಡುತ್ತಿದ್ದ. ಮನೆಯೊಳಗೆ ಒಂದು ಸುತ್ತು ಹಾಕಿ, ತೊಲೆ ಎಣಿಸಿ, ಉಗುರಿನಿಂದ ಬಣ್ಣ ಕೆರೆದು ಒಳಗಿನ ಮರ ಬರ್ಮಾ ತೇಗವೋ ನಾಡ ತೇಗವೋ ಹಲಸೋ ಎಂದು ನೋಡಿ ಅವನು ಬೆಲೆ ಹೇಳುತ್ತಿದ್ದ. ನಗರದ ಸುತ್ತ ಹಳೇ ಮರಮುಟ್ಟಿನ ಅಂಗಡಿಗಳು ಬದುಕಿದ್ದೇ ಈ ವ್ಯವಹಾರದಿಂದ. ಕಿಟಕಿಗಳು, ಕಬ್ಬಿಣದ ಸರಳು, ಬಾಗಿಲ ಚೌಕಟ್ಟುಗಳು ಗೋಡೆಗೆ ಒರಗಿ ನಿಂತ ಆ ಅಂಗಡಿಗಳಲ್ಲಿ ಮಧ್ಯಮ ವರ್ಗದವರ ಎಷ್ಟೋ ಮೊದಲ ಮನೆಗಳಿಗೆ ಅರ್ಧ ಸಾಮಾನು ಸಿಕ್ಕಿದೆ.

(ಹಳೇ ಮನೆಯಲ್ಲಿ ಜನ ಬಹಳ ಪ್ರೀತಿಸಿದ ರೆಡ್ ಆಕ್ಸೈಡ್ ನೆಲವನ್ನು ಮಾತ್ರ ಯಾರಿಗೂ ಎತ್ತಿಕೊಂಡು ಹೋಗಲಾಗಿಲ್ಲ. ಅದು ನೆಲಕ್ಕೇ ಬರೆದ ಚಿತ್ರ.)

ಇಂದು ಬೆಂಗಳೂರಿನಲ್ಲಿ ಉರುಳುತ್ತಿರುವುದು ಹೆಚ್ಚಾಗಿ ಆ ಮನೆಗಳಲ್ಲ, ಪರ್ಮಿಟ್ ಹೋದ ಮೇಲೆ ಕಟ್ಟಿದ ಸಿಮೆಂಟ್ ಮನೆಗಳು. ಮೂವತ್ತು ನಲವತ್ತು ವರ್ಷ ಕೂಡ ಬಾಳದೆ, ನೆಲದ ಬೆಲೆ ಏರಿತೆಂಬ ಒಂದೇ ಕಾರಣಕ್ಕೆ ಹೋಗುತ್ತಿವೆ. ಅವುಗಳಲ್ಲಿ ಬಿಚ್ಚಿಕೊಳ್ಳಲು ಇರುವುದು ಬಾಗಿಲು, ಕಿಟಕಿ, ಗ್ರಿಲ್ಲು, ನಲ್ಲಿ, ವೈರು. ಆರ್‌ಸಿಸಿಯನ್ನು ಬ್ರೇಕರ್‌ನಿಂದ ಒಡೆದು ಕಂಬಿಯನ್ನು ಎಳೆದು ಗುಜರಿಗೆ ಹಾಕುತ್ತಾರೆ, ಮಿಕ್ಕಿದ್ದು ಡೆಬ್ರಿ. ಗುತ್ತಿಗೆದಾರ ಹಣ ಕೊಡುತ್ತಿದ್ದ ಕಾಲ ಹೋಗಿ, ಅನೇಕ ಕಡೆ ಮಾಲೀಕನೇ ಕೈಯಿಂದ ಹಾಕಬೇಕಾಗಿದೆ. ಆ ಡೆಬ್ರಿ ರಾತ್ರಿ ಹೊತ್ತು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಗರದ ಹೊರವಲಯದ ಕೆರೆಯಂಗಳಗಳೂ ರಾಜಕಾಲುವೆಗಳೂ ಹೇಳುತ್ತವೆ.

ದೇಶದಲ್ಲಿ ವರ್ಷಕ್ಕೆ ಏಳುವ ಕಟ್ಟಡ ತ್ಯಾಜ್ಯ ಸುಮಾರು 15 ಕೋಟಿ ಟನ್ ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು. ಅದರಲ್ಲಿ ಸಂಸ್ಕರಣೆಯಾಗುವುದು ಶೇ 1ರಷ್ಟು ಮಾತ್ರ ಎಂದು ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ 2020ರಲ್ಲಿ ಹೇಳಿತ್ತು. ಅಮೆರಿಕದ್ದು ಇನ್ನೂ ದೊಡ್ಡ ರಾಶಿ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ 2018ರಲ್ಲಿ 60 ಕೋಟಿ ಟನ್, ಊರಿನ ಮನೆಗಸಕ್ಕಿಂತ ಎರಡು ಪಟ್ಟು. ಆ ರಾಶಿಯಲ್ಲಿ ಶೇ 90ಕ್ಕಿಂತ ಹೆಚ್ಚು ಬಂದದ್ದು ಕಟ್ಟುವುದರಿಂದಲ್ಲ, ಕೆಡವುವುದರಿಂದ.

ಆ ದೇಶದಲ್ಲಿಯೇ ಒಂದು ಊರು ಇದಕ್ಕೆ ಕಾನೂನು ಮಾಡಿತು. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಹಳೆಯ ಒಂಟಿ ಮನೆಗಳು ವರ್ಷಕ್ಕೆ ಸುಮಾರು 300ರಂತೆ ನೆಲಸಮವಾಗುತ್ತಿದ್ದವು. ನೆರೆಹೊರೆಯವರ ದೂರು ಎರಡು. ಒಂದು, ಯಂತ್ರ ಮನೆಯನ್ನು ಜಗಿದಾಗ ಹಳೆಯ ಬಣ್ಣದ ಸೀಸ, ಕಲ್ನಾರಿನ ಎಳೆಗಳು ಧೂಳಾಗಿ ಪಕ್ಕದ ಮನೆಯ ಅಂಗಳಕ್ಕೆ ಬರುತ್ತವೆ. ಇನ್ನೊಂದು, ಆ ಮನೆಗಳ ತೊಲೆ ಹಲಗೆಗಳೆಲ್ಲ ಮೂಲ ಕಾಡಿನ ಡಗ್ಲಸ್ ಫರ್ ಮರದವು. ನೂರಾರು ವರ್ಷ ನಿಧಾನವಾಗಿ ಬೆಳೆದ, ಉಂಗುರಗಳು ಒತ್ತೊತ್ತಾಗಿರುವ ಅಂಥ ಮರ ಇವತ್ತು ಕಡಿದು ತರುತ್ತೇವೆಂದರೂ ಸಿಗದು. 2016ರ ಅಕ್ಟೋಬರ್ 31ರಿಂದ ಅಲ್ಲಿ 1916 ಅಥವಾ ಅದಕ್ಕಿಂತ ಹಿಂದಿನ ಮನೆಯನ್ನು ಕೆಡವುವಂತಿಲ್ಲ, ಬಿಚ್ಚಲೇಬೇಕು ಎಂದಾಯಿತು. ಬಿಚ್ಚುವವರು ತರಬೇತಿ ಪಡೆದು ನಗರಾಡಳಿತದ ಪ್ರಮಾಣಪತ್ರ ಹೊಂದಿರಬೇಕು. 2020ರಲ್ಲಿ ಗಡುವನ್ನು 1940ರ ಮನೆಗಳವರೆಗೆ ಮುಂದಕ್ಕೆ ತಂದರು. ಮಿಲ್ವಾಕಿ, ಪಾಲೋ ಆಲ್ಟೊ, ಸ್ಯಾನ್ ಆಂಟೋನಿಯೊ ನಗರಗಳು ತಮ್ಮ ತಮ್ಮ ರೀತಿಯಲ್ಲಿ ಇದೇ ದಾರಿ ಹಿಡಿದಿವೆ.

ಯಂತ್ರ ಒಂದೆರಡು ದಿನದಲ್ಲಿ ಮುಗಿಸುವ ಕೆಲಸಕ್ಕೆ ಕೈಗೆ ಎರಡು ವಾರ ಬೇಕು. ಅಮೆರಿಕದಲ್ಲಿ ಕೂಲಿ ದುಬಾರಿ, ಮರ ಅಗ್ಗ. ಹಾಗಾಗಿ ಅಲ್ಲಿ ಕಾನೂನಿನ ಒತ್ತಾಸೆಯಿಲ್ಲದೆ ಲೆಕ್ಕ ಸರಿಹೊಂದುವುದು ಕಷ್ಟ. ಬಿಚ್ಚಿದ ಸಾಮಗ್ರಿಯನ್ನು ದತ್ತಿ ಸಂಸ್ಥೆಗೆ ದಾನ ಕೊಟ್ಟರೆ ತೆರಿಗೆಯಲ್ಲಿ ವಿನಾಯಿತಿ ಸಿಗುವುದು ಮಾಲೀಕರಿಗೆ ಒಂದು ಆಸರೆ. ಇಲ್ಲಿ ಲೆಕ್ಕ ಉಲ್ಟಾ. ಕೂಲಿ ಅಗ್ಗ, ಒಳ್ಳೆಯ ಮರ ದುಬಾರಿ. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರ ಕಡಿತದ ಮೇಲೆ ಬಿಗಿ ಹಾಕಿತು. 2014ರಲ್ಲಿ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿತು. ಹಳೇ ತೊಲೆಯ ಬೆಲೆ ಏರಿದ್ದು ಸಹಜವೇ. ಕಾನೂನು ಹೇಳದಿದ್ದರೂ ನಮ್ಮವರು ಮರ ಬಿಡಿಸಿಕೊಳ್ಳುತ್ತಿರುವುದು ಈ ಕಾರಣಕ್ಕೆ.

ಬೆಲೆ ಏರಿದ್ದಕ್ಕೆ ಇನ್ನೊಂದು ಮುಖವೂ ಇದೆ, ಅದು ಅಷ್ಟು ಚೆಂದವಿಲ್ಲ. ತಮಿಳುನಾಡಿನ ಕಾರೈಕುಡಿಯಲ್ಲಿ ಹಳೇ ಸಾಮಾನಿನದೇ ಒಂದು ಬೀದಿಯಿದೆ. ಚೆಟ್ಟಿಯಾರರ ಅರಮನೆಯಂಥ ಮನೆಗಳು ಪಾಲಾಗಿ, ಬೀಗ ಬಿದ್ದು, ಕೊನೆಗೆ ಕಂಬ ಕಂಬವಾಗಿ ಆ ಅಂಗಡಿಗಳಿಗೆ ಬಂದಿವೆ. ಬರ್ಮಾ ತೇಗದ ಕಂಬ ಎಲ್ಲೋ ರೆಸಾರ್ಟಿನ ಊಟದ ಮೇಜಾಗುತ್ತದೆ, ತಲೆಬಾಗಿಲು ನಗರದ ಬಾರಿನ ಗೋಡೆಗೆ ನೇತುಬೀಳುತ್ತದೆ. ಕೊಳ್ಳುವವರು ಸಾಲುಗಟ್ಟಿದಾಗ, ರಿಪೇರಿ ಮಾಡಿದರೆ ಇನ್ನೂ ನೂರು ವರ್ಷ ನಿಲ್ಲಬಹುದಾದ ಮನೆಗೂ ಬಿಚ್ಚುವ ಯೋಗ ಬಂದುಬಿಡುತ್ತದೆ. ಮಲೆನಾಡಿನ ತೊಟ್ಟಿಮನೆಗಳ ಸುತ್ತಲೂ ದಲ್ಲಾಳಿಗಳು ಓಡಾಡುತ್ತಿರುವುದು ಅಲ್ಲಿಯವರಿಗೆ ಗೊತ್ತು. ನಿಂತಿರುವ ಮನೆಯನ್ನು ನಿಲ್ಲಲು ಬಿಡುವುದೇ ಮೊದಲ ಕೆಲಸ; ಬಿಚ್ಚುವ ಮಾತು ಬರಬೇಕಾದದ್ದು ಅದು ಹೇಗೂ ಹೋಗುವುದು ಖಚಿತವಾದ ಮೇಲೆ. ಶೆಣೈಯವರಿಗೂ ರೆಸಾರ್ಟಿನವರಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗುರುತಿಸಬೇಕು. ಒಬ್ಬರು ಮನೆಯನ್ನು ಮನೆಯಾಗಿಯೇ ಮತ್ತೆ ನಿಲ್ಲಿಸಿದರು.

ಹಳೆಯ ಸಾಮಗ್ರಿಯಿಂದ ಹೊಸ ಕಟ್ಟಡ ಕಟ್ಟುವುದರಲ್ಲಿ ಇರುವ ತೊಡಕು ಏನೆಂಬುದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ 2021ರಲ್ಲಿ ಮುಗಿದ ‘ಕೆ 118’ ಎಂಬ ಕಟ್ಟಡವನ್ನು ನೋಡಿದರೆ ತಿಳಿಯುತ್ತದೆ. ಹಳೆಯ ಕೈಗಾರಿಕಾ ಶೆಡ್ಡಿನ ತಲೆಯ ಮೇಲೆ ಮೂರು ಮಹಡಿ ಏರಿಸುವ ಕೆಲಸ ಅದು. ‘ಬಾವ್‌ಬ್ಯೂರೊ ಇನ್ ಸಿಟು’ ಎಂಬ ಸಂಸ್ಥೆಯ ವಾಸ್ತುಶಿಲ್ಪಿಗಳು ನಕ್ಷೆ ಬರೆಯುವ ಮೊದಲು ಬೇಟೆಗೆ ಹೊರಟರು. ಬಾಸೆಲ್‌ನಲ್ಲಿ ಕೆಡವುತ್ತಿದ್ದ ಗೋದಾಮಿನಿಂದ ಉಕ್ಕಿನ ತೊಲೆಗಳು ಸಿಕ್ಕವು, ಜೂರಿಚ್‌ನ ಕಚೇರಿಯೊಂದರಿಂದ ಹೊರಮೆಟ್ಟಿಲು, ಒಂದು ಮುದ್ರಣಾಲಯದಿಂದ ಹೊರಗೋಡೆಯ ತಗಡು. ಮೆಟ್ಟಿಲಿನ ಎತ್ತರವನ್ನು ಬದಲಿಸಲಾಗದು. ಆದ್ದರಿಂದ ಹೊಸ ಮಹಡಿಗಳ ಎತ್ತರವನ್ನೇ ಮೆಟ್ಟಿಲಿಗೆ ಹೊಂದಿಸಿದರು. ಕಿಟಕಿಗಳು ಬೇರೆ ಬೇರೆ ಅಳತೆಯವು, ಗೋಡೆ ಅದರಂತೆ ಬಾಗಿತು. ಬಾಸೆಲ್ ಎಂಬ ಊರಿಗೂ ಬಿಚ್ಚಿ ಜೋಡಿಸುವುದಕ್ಕೂ ಏನೋ ನಂಟು ಇರಬೇಕು: ಮಂಗಳೂರಿಗೆ ಹಂಚು ಕಲಿಸಿದ ಮಿಶನ್ನಿನ ಊರೂ ಅದೇ. ಹೊಸ ಸಾಮಗ್ರಿಯಿಂದ ಕಟ್ಟಿದ್ದರೆ ಆಗುತ್ತಿದ್ದ ಇಂಗಾಲ ಹೊರಸೂಸುವಿಕೆಯಲ್ಲಿ ಶೇ 60ರಷ್ಟು ಉಳಿಯಿತೆಂಬುದು ‘ಕೆ 118’ ಕಟ್ಟಿದವರ ಲೆಕ್ಕ.

ಹೀಗೆ ಕಟ್ಟಲು ಬೇಕಾದದ್ದು ಹಳೇ ಸಾಮಾನು ಮಾತ್ರವಲ್ಲ. ಬಿಚ್ಚುವ ದಿನಕ್ಕೂ ಕಟ್ಟುವ ದಿನಕ್ಕೂ ನಡುವೆ ಆ ತೊಲೆಗಳು ಮಳೆ ಬೀಳದ ಜಾಗದಲ್ಲಿ ತಿಂಗಳುಗಟ್ಟಲೆ ಮಲಗಿರಬೇಕು. ಚದರಡಿಗೆ ಸಾವಿರಾರು ರೂಪಾಯಿಯ ನೆಲದಲ್ಲಿ ಮರ ಮಲಗಿಸುವವರು ಯಾರು? ಬೆಂಗಳೂರಿನ ಮರಮುಟ್ಟಿನ ಅಂಗಡಿಗಳು ಊರ ಹೊರಗೆ ಸರಿಯುತ್ತಿರುವುದು ಈ ಪ್ರಶ್ನೆಯಿಂದಲೇ. ಇನ್ನು ತೊಲೆಗೆ ಬಲವಿದೆಯೆಂದು ಯಾರು ಸಹಿ ಹಾಕಬೇಕು? ಹೊಸ ಕಬ್ಬಿಣಕ್ಕೆ ಕಾರ್ಖಾನೆಯ ಪ್ರಮಾಣಪತ್ರ ಬರುತ್ತದೆ. ಹಳೇ ತೊಲೆಗೆ ಇರುವುದು ಆಚಾರಿಯ ಮಾತು. ಆತ ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಒಳಗೆ ಗೆದ್ದಲು ಹೊಕ್ಕಿದೆಯೋ ಇಲ್ಲವೋ ಹೇಳುತ್ತಾನೆ. ಬಹುಪಾಲು ಸಲ ಅವನ ಮಾತು ಸರಿಯಿರುತ್ತದೆ. ಆದರೆ ಬ್ಯಾಂಕಿನ ಸಾಲದ ಕಡತದಲ್ಲಿ ಆ ಸದ್ದಿಗೆ ಜಾಗವಿಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ. ಕಟ್ಟಡ ತ್ಯಾಜ್ಯ ನಿರ್ವಹಣೆಗೆ ಕೇಂದ್ರದ ಪ್ರತ್ಯೇಕ ನಿಯಮಗಳು 2016ರಲ್ಲಿ ಬಂದವು. 2025ರಲ್ಲಿ ಅವನ್ನು ಹೊಸದಾಗಿ ಬರೆದು, 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ, 20 ಸಾವಿರ ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿರ್ಮಾಣಗಳವರಿಗೆ ತ್ಯಾಜ್ಯದ ಹೊಣೆ ಹೊರಿಸಲಾಗಿದೆ. ಒಡೆದ ಕಾಂಕ್ರೀಟಿನ ಜಲ್ಲಿಯನ್ನು ಆರ್‌ಸಿಸಿಯಲ್ಲಿ ಶೇ 20ರವರೆಗೆ ಬೆರೆಸಲು ಭಾರತೀಯ ಮಾನಕ ಬ್ಯೂರೊ 2016ರಲ್ಲಿಯೇ ಒಪ್ಪಿದೆ. ಇವೆಲ್ಲ ಆಗಬೇಕಾದ ಕೆಲಸಗಳೇ. ಆದರೆ ಈ ದಾರಿಯೆಲ್ಲ ಕೊನೆ ಮುಟ್ಟುವುದು ಜಲ್ಲಿ ಯಂತ್ರದ ಬಾಯಿಗೆ. ಸೀರೆ ಹರಿದಾಗ ಅದರಿಂದ ಕೌದಿ ಹೊಲಿಯುವುದು ಒಂದು. ನೆಲ ಒರೆಸುವ ಬಟ್ಟೆ ಮಾಡುವುದು ಇನ್ನೊಂದು. ಎರಡನ್ನೂ ‘ಮರುಬಳಕೆ’ ಎಂದೇ ಕರೆದರೆ ಕೌದಿ ಹೊಲಿಯುವವರಿಗೆ ಅನ್ಯಾಯವಾಗುತ್ತದೆ.

2022ರ ಆಗಸ್ಟ್ 28ರ ಮಧ್ಯಾಹ್ನ ನೊಯ್ಡಾದ ಅವಳಿ ಗೋಪುರಗಳು ಬಿದ್ದಾಗ ದೇಶವೇ ಟಿವಿ ಮುಂದೆ ಕೂತಿತ್ತು. 3,700 ಕಿಲೋ ಸ್ಫೋಟಕ, ಹತ್ತಿರ ಹತ್ತಿರ ನೂರು ಮೀಟರ್ ಎತ್ತರ, ಕೆಲವೇ ಸೆಕೆಂಡುಗಳು, ಅಂದಾಜು 80 ಸಾವಿರ ಟನ್ ಅವಶೇಷ. ಅಕ್ರಮ ಕಟ್ಟಡಕ್ಕೆ ಶಿಕ್ಷೆಯಾದ ದಿನವೆಂದು ಚಪ್ಪಾಳೆ ಬಿತ್ತು. ಅಷ್ಟು ಎತ್ತರದ ಕಾಂಕ್ರೀಟನ್ನು ಬಿಚ್ಚುವ ದಾರಿ ಯಾರ ಬಳಿಯೂ ಇರಲಿಲ್ಲ, ಏಕೆಂದರೆ ಅದನ್ನು ಎರೆದವರು ಬಿಚ್ಚುವ ದಿನವನ್ನು ನೆನೆದಿರಲಿಲ್ಲ. ಎರಕ ಹೊಯ್ದು ಒಂದಾಗಿಸುವುದೇ ಆರ್‌ಸಿಸಿಯ ಬಲ, ಭೂಕಂಪದಲ್ಲಿ ಜೀವ ಉಳಿಸುವ ಗುಣವೂ ಅದೇ. ಮಣ್ಣಿನ ಗೋಡೆಗೆ, ಮರದ ಗೂಟಕ್ಕೆ ಎಲ್ಲರೂ ಮರಳಬೇಕೆಂದು ಹೇಳಲಾಗದು.

ಜಪಾನಿನ ಇಸೆಯಲ್ಲಿ ಮಾತ್ರ ಬಿಚ್ಚುವ ದಿನ ಪಂಚಾಂಗದಲ್ಲಿಯೇ ಬರೆದಿದೆ. ಅಲ್ಲಿನ ಶಿಂಟೊ ದೇಗುಲವನ್ನು 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟಿ ಹಳೆಯದನ್ನು ಬಿಚ್ಚುತ್ತಾರೆ. 2013ರಲ್ಲಿ ನಡೆದದ್ದು 62ನೆಯ ಸಲ. ಕಳಚಿದ ಮುಖ್ಯ ಕಂಬಗಳು ಉಜಿ ಸೇತುವೆಯ ಎರಡು ತುದಿಯ ತೋರಣಗಂಬಗಳಾಗಿ ಇನ್ನಿಪ್ಪತ್ತು ವರ್ಷ ನಿಂತು, ಅಲ್ಲಿಂದ ಬೇರೆ ಊರಿನ ತೋರಣಕ್ಕೆ ಹೋಗುತ್ತವೆ. ಉಳಿದ ಮರವನ್ನು ದೇಶದ ಬೇರೆ ದೇಗುಲಗಳು ಬೇಡಿ ಪಡೆಯುತ್ತವೆ.

ದೇವರಿಲ್ಲದ ಕಡೆಯೂ ಇದು ನಡೆದಿದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊಸ ನ್ಯಾಯಾಲಯ ಕಟ್ಟಿ ಮುಗಿಯುವವರೆಗೆ ಕೆಲವು ವರ್ಷಕ್ಕೆಂದು 2016ರಲ್ಲಿ ಒಂದು ತಾತ್ಕಾಲಿಕ ನ್ಯಾಯಾಲಯ ಎದ್ದಿತು. ಸೆಪೆಜೆಡ್ ಎಂಬ ವಾಸ್ತುಶಿಲ್ಪ ಸಂಸ್ಥೆ ಅದರ ಉಕ್ಕಿನ ಚೌಕಟ್ಟನ್ನಷ್ಟೇ ಅಲ್ಲ, ಕಾಂಕ್ರೀಟಿನ ನೆಲಹಲಗೆಗಳನ್ನೂ ಬೋಲ್ಟಿನಿಂದ ಕೂಡಿಸಿತ್ತು. ಅವಧಿ ಮುಗಿದ ಮೇಲೆ ಬೋಲ್ಟ್ ಬಿಚ್ಚಿದರು, ಕಟ್ಟಡ ಲಾರಿಗಳಲ್ಲಿ ದೇಶದ ಪೂರ್ವದಂಚಿನ ಎನ್‌ಸ್ಕೆಡೆಗೆ ಹೋಗಿ ಕಚೇರಿಯಾಗಿ ನಿಂತಿತು.

ಇದಕ್ಕಾಗಿ ಹಾಲೆಂಡಿನವರೆಗೆ ಹೋಗಬೇಕಿಲ್ಲವೆಂಬುದು ಬೆಂಗಳೂರಿನ ಪೀಣ್ಯದ ಕಡೆ ಓಡಾಡುವವರಿಗೆ ಗೊತ್ತು. ಅಲ್ಲಿಯ ಕಾರ್ಖಾನೆ ಶೆಡ್ಡುಗಳು ಚೆಲುವಿನ ಮಾದರಿಗಳೇನಲ್ಲ. ಮಣಿಪಾಲದ ಚೌಕಿಮನೆಯ ಪಕ್ಕ ಅವನ್ನು ಯಾರೂ ನಿಲ್ಲಿಸುವುದಿಲ್ಲ. ಆದರೆ ಕಂಬ, ಟ್ರಸ್ಸು, ತಗಡು ಎಲ್ಲವೂ ಬೋಲ್ಟಿನಲ್ಲಿ ನಿಂತಿರುವುದರಿಂದ ಅವು ಇಡಿಯಾಗಿ ಮಾರಾಟವಾಗುತ್ತವೆ. ಕೊಳ್ಳುವವನು ಬಂದು ಉದ್ದಗಲ ಅಳೆದು, ತಗಡಿನ ತುಕ್ಕು ನೋಡಿ, ತೂಕದ ಲೆಕ್ಕಕ್ಕೋ ಅಡಿಯ ಲೆಕ್ಕಕ್ಕೋ ಚೌಕಾಸಿ ಮಾಡುತ್ತಾನೆ. ಒಪ್ಪಿಗೆಯಾದರೆ ಹುಡುಗರು ಸ್ಪ್ಯಾನರ್ ಹಿಡಿದು ಮೇಲೇರುತ್ತಾರೆ. ಮೊದಲು ತಗಡು, ಆಮೇಲೆ ಅಡ್ಡಪಟ್ಟಿ, ಕೊನೆಗೆ ಕಂಬ. ಹಂಚಿನ ಮನೆಯದೇ ಕ್ರಮ. ಟ್ರಸ್ಸುಗಳ ಮೇಲೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದು ಲಾರಿಗೆ ಹಾಕುತ್ತಾರೆ. ಬಿಚ್ಚಿದ ಬೋಲ್ಟುಗಳನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಡ್ರೈವರನ ಕಾಲ ಬಳಿ ಇಡುತ್ತಾರೆ.